ನೋಟದ ಮುಂದಿನ ಜಾಗ

ಬಾಯಲ್ಲಿ ನಾಲ್ಕು ಬಟ್ಟೆ ಕ್ಲಿಪ್ಪು ಕಚ್ಚಿಕೊಂಡು, ಸ್ಟೂಲಿನ ಮೇಲೆ ನಿಂತು, 'ಛತ್ರಿ' ಎಂಬ ಅಡ್ಡಹೆಸರಿನವನು ಕಿಟಕಿಗೆ ಬಿಳಿ ಬೆಡ್‌ಶೀಟು ಕಟ್ಟುತ್ತಿದ್ದ. ಅರವತ್ತಾರು ವರ್ಷದ ಮಂಡಿಗಳೂ ಸ್ಟೂಲಿನ ಕಾಲುಗಳೂ ಒಂದೇ ತಾಳದಲ್ಲಿ ನಡುಗುತ್ತಿದ್ದವು.

"ಇಳಿಯೋ ಕೆಳಗೆ. ಇವತ್ತಿಗೆ ಒಂದು ಸಾಕು," ಎಂದರು ಸತ್ತವರ ಅಕ್ಕ.

ಛತ್ರಿ ಕ್ಲಿಪ್ಪುಗಳ ಸಂದಿಯಿಂದಲೇ ಉತ್ತರಿಸಿದ. "ಬಿಸಿಲು ನೇರ ಮುಖಕ್ಕೆ ಹೊಡೀತಿದೆ ಅಕ್ಕಾ. ಮೂಗಿನ ನೆರಳು ಬಿದ್ದು ಮೀಸೆ ಬಂದಿದೆ ನೋಡಿ. ಅವರಿಗೆ ಇಷ್ಟ ಆಗಲ್ಲ."

"ಇಷ್ಟ ಆಗದಿದ್ರೆ ಎದ್ದು ಹೇಳ್ಲಿ."

ಹೇಳಿದ ಮೇಲೆ ಅವರೇ ತಮ್ಮನ ಕಡೆ ಒಮ್ಮೆ ನೋಡಿದರು, ಎದ್ದಾನೇನೋ ಎಂಬಂತೆ.

ಕೊನೆಯ ಕ್ಲಿಪ್ಪು ಬಿದ್ದದ್ದೇ ತಡ, ಕೋಣೆಯ ಬೆಳಕು ಹಾಲಿನಂತಾಯಿತು. ಮಂಚದ ಮೇಲಿನ ಮುಖದ ಸುಕ್ಕುಗಳು ಸಡಿಲಾದವು. ಛತ್ರಿ ಇಳಿದು, ಎರಡು ಹೆಜ್ಜೆ ಹಿಂದೆ ಹೋಗಿ, ಒಂದು ಕಣ್ಣು ಮುಚ್ಚಿ ನೋಡಿ ತಲೆಯಾಡಿಸಿದ. ಮದುವೆಗಳಲ್ಲಿ ಫೋಟೊಗೆ ಬೆಳಕಿನ ಛತ್ರಿ ಹಿಡಿದು ಮೂವತ್ತು ವರ್ಷ ನಿಂತದ್ದಕ್ಕೆ ಆ ಹೆಸರು ಬಂತು ಎಂದು ಅವನು ಹೇಳುತ್ತಿದ್ದ. ಹೆಸರು ಅದಕ್ಕೂ ಮೊದಲೇ ಇತ್ತು ಎಂದು ಅವನ ಹೆಂಡತಿ ಹೇಳುತ್ತಿದ್ದಳು.

ಮಂಚದ ಮೇಲಿದ್ದವರನ್ನು ಊರೆಲ್ಲ 'ಒಂದ್ನಿಮಿಷ' ಎನ್ನುತ್ತಿತ್ತು. ಯಾವ ಮದುವೆಯಲ್ಲೇ ಆಗಲಿ ಕ್ಯಾಮೆರಾ ಹಿಡಿದು, ಕೈ ಮೇಲೆತ್ತಿ "ಒಂದ್ನಿಮಿಷ, ಒಂದೇ ಒಂದ್ನಿಮಿಷ" ಎಂದು ಹಸಿದ ನೆಂಟರನ್ನು ಅರ್ಧ ಗಂಟೆ ನಿಲ್ಲಿಸುತ್ತಿದ್ದವರು. ನಿನ್ನೆ ಬೆಳಿಗ್ಗೆ ಹಾಸಿಗೆಯಿಂದ ಏಳದೆ ಹೋದಾಗ ಮಾತ್ರ ಯಾರನ್ನೂ ಒಂದು ನಿಮಿಷವೂ ಕಾಯಿಸಲಿಲ್ಲ.

ಅಕ್ಕ ಮತ್ತೊಮ್ಮೆ ತಮ್ಮನ ಗಲ್ಲ ಹಿಡಿದು ಮುಖವನ್ನು ನೇರ ಮಾಡಿದರು. ಕೈ ಬಿಟ್ಟೊಡನೆ ಅದು ಎಡಕ್ಕೆ ವಾಲಿತು.

"ಬಿಡಿ ಅಕ್ಕಾ. ಐವತ್ತು ವರ್ಷ ಕತ್ತು ವಾಲಿಸಿ ಕ್ಯಾಮೆರಾ ಹಿಡಿದೋರು. ಇವತ್ತು ನೆಟ್ಟಗೆ ಮಾಡಿದ್ರೆ ಎಲ್ಲಿ ಕೇಳುತ್ತೆ?"

ಆ ಹೊತ್ತಿಗೆ ಬಾಗಿಲಲ್ಲಿ ಒಂದು ಚೀಲ ನೆಲಕ್ಕಿಳಿದ ಸದ್ದಾಯಿತು. ಮಗಳು ಬಂದಿದ್ದಳು.

ಆರು ತಾಸು ಬಸ್ಸಿನಲ್ಲಿ ಕೂತು ಬಂದವಳ ಮುಖ ಒಣಗಿತ್ತು. ಗಂಡ ಮಗನ ಪರೀಕ್ಷೆ ಮುಗಿಸಿಕೊಂಡು ರಾತ್ರಿಗೆ ಬರುವವನಿದ್ದ. ಅವಳು ಮಂಚದ ಹತ್ತಿರ ಬಂದು ನಿಂತಳು; ಕೂರಲಿಲ್ಲ. ಯಾರೋ ಅಪರಿಚಿತರ ಮನೆಯಲ್ಲಿ ಎಲ್ಲಿ ಕೂರಬೇಕೆಂದು ತಿಳಿಯದವಳ ಹಾಗೆ ಕಾಣುತ್ತಿದ್ದಳು.

"ಬಂದ್ಯಾ ಪುಟ್ಟಿ," ಎಂದರು ಅತ್ತೆ, ಅಪ್ಪನ ಅಕ್ಕ. "ಒಳ್ಳೇದಾಯ್ತು. ನೀನೇ ಹೇಳು. ಇದನ್ನ ಹಾಕೋದೋ ಬೇಡ್ವೋ?"

ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಲೋಟವಿತ್ತು. ಅದರೊಳಗೆ ನೀರಲ್ಲಿ ಎರಡು ಸಾಲು ಹಲ್ಲು.

"ಇದು ಯಾರದ್ದು?"

"ಯಾರದ್ದು ಅಂದ್ರೆ? ನಿಮ್ಮಪ್ಪಂದು. ಕಟ್ಟಿಸಿ ಮೂರು ವರ್ಷ ಆಯ್ತು. ಒಂದು ಹಲ್ಲೂ ಉಳಿದಿರಲಿಲ್ಲ ಬಾಯಲ್ಲಿ." ಅತ್ತೆ ಕೇಳಬಾರದ್ದನ್ನು ಕೇಳಿಯೇಬಿಟ್ಟರು. "ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಕಳೆದ ವಾರ ಅಪ್ಪ ಫೋನು ಮಾಡಿದ್ದರು. ಅವರಿಬ್ಬರ ಫೋನು ಎಂದರೆ ಅಲ್ಲಿ ಮಳೆಯಾ, ಇಲ್ಲಿ ಸೆಕೆ, ಅಷ್ಟೇ. ಹನ್ನೊಂದು ವರ್ಷದಿಂದ ಅವರು ಹವಾಮಾನವನ್ನಷ್ಟೇ ಮಾತಾಡುತ್ತಿದ್ದರು. ಆದರೆ ಆವತ್ತು ಅಪ್ಪ ಇನ್ನೆರಡು ಮಾತು ಸೇರಿಸಿದ್ದರು. "ಬಿಡುವಾದ್ರೆ ಒಂದ್ನಿಮಿಷ ಬಂದ್ಹೋಗಮ್ಮ. ನಿಂಗೆ ಒಂದು ಕೊಡೋದಿದೆ."

"ಯಾಕೆ, ಹುಷಾರಿಲ್ವಾ?"

"ಚೆನ್ನಾಗಿದೀನಿ. ಸ್ವಲ್ಪ ಹಲ್ಲುನೋವು."

"ಡಾಕ್ಟರಿಗೆ ತೋರಿಸಿ. ಬರೋದು ನೋಡ್ತೀನಿ," ಎಂದು ಅವಳು ಫೋನು ಇಟ್ಟಿದ್ದಳು.

ಈಗ ಲೋಟದ ಹಲ್ಲುಗಳು ಅವಳನ್ನು ನೋಡಿ ನಗುತ್ತಿದ್ದವು.

*

ಸ್ಮಶಾನದ ಗಾಡಿ ಹನ್ನೊಂದಕ್ಕೆ ಬರುವುದೆಂದು ತಿಳಿದು ಜನ ಹತ್ತಕ್ಕೇ ಸೇರಿದ್ದರು. ಕುರ್ಚಿ ಅಂಗಡಿಯವನು ಮದುವೆಗೆ ಕಳಿಸುವ ಕುರ್ಚಿಗಳನ್ನೇ ಕಳಿಸಿದ್ದ. ಒಂದೆರಡರ ಬೆನ್ನಿಗೆ ಕೆಂಪು ರಿಬ್ಬನ್ನು ಹಾಗೇ ಉಳಿದಿತ್ತು. ಬಂದವರಲ್ಲಿ ಮುಕ್ಕಾಲು ಪಾಲು ಗಂಡ ಹೆಂಡತಿಯರು. ಸಾವಿನ ಮನೆಗೆ ಇಷ್ಟು ಜೋಡಿಗಳು ಬಂದದ್ದನ್ನು ಆ ಬೀದಿ ನೋಡಿರಲಿಲ್ಲ. ಎಲ್ಲರನ್ನೂ ಒಂದಲ್ಲ ಒಂದು ದಿನ ಒಂದ್ನಿಮಿಷರೇ ಪಕ್ಕಪಕ್ಕ ನಿಲ್ಲಿಸಿದ್ದರು. ಕೆಲವರು ಆಮೇಲೆ ಹಾಗೆ ನಿಂತದ್ದು ಇವತ್ತೇ.

ಮುಂದಿನ ಕೋಣೆಗೆ ಅಂಟಿಕೊಂಡೇ ಸ್ಟುಡಿಯೋ. ಅದರ ಗೋಡೆಯ ಮೇಲೆ ಒಂದ್ನಿಮಿಷರ ಕೈಬರಹದ ದೊಡ್ಡ ಹಾಳೆ: 'ಮದುವೆಮನೆಯಲ್ಲಿ ಮಾಡಬಾರದ ತಪ್ಪುಗಳು'. ಅವರ ಬಳಿ ಕೆಲಸ ಕಲಿತು ಈಗ ಎದುರು ಬೀದಿಯಲ್ಲೇ ಅಂಗಡಿ ಇಟ್ಟು, ಮದುವೆಗಳ ನೆತ್ತಿಯ ಮೇಲೆ ಯಂತ್ರ ಹಾರಿಸಿ 'ಡ್ರೋನ್' ಎನಿಸಿಕೊಂಡವನು ಅದನ್ನು ಓದುತ್ತಿದ್ದ.

"'ಬ್ಯಾಟರಿ ಎರಡು ಇರಲಿ, ಕಾರ್ಡು ಎರಡು ಇರಲಿ, ಮರ್ಯಾದೆ ಮಾತ್ರ ಒಂದೇ ಇರೋದು.' ಇದನ್ನ ನಂಗೇ ಬರೆದದ್ದು. 'ತಲೆ ಹಿಂದೆ ಕಂಬ ಬೇಡ, ವರನಿಗೆ ಕೊಂಬು ಬರುತ್ತೆ.'"

"ನನ್ನ ಆಲ್ಬಮ್ಮಿನಲ್ಲಿ ಕಂಬ ಇಲ್ಲದೇನೇ ಕೊಂಬು ಕಾಣುತ್ತೆ," ಎಂದಳು ಅಂಚೆ ಕಚೇರಿಯ ಹೆಂಗಸು. ಪಕ್ಕದಲ್ಲಿದ್ದ ಗಂಡ ಟೀ ಲೋಟದೊಳಗೆ ನೋಡಿದ.

"'ಉಣ್ಣೋರು ಬಾಯಿ ತೆಗೆದಿದ್ದಾಗ ಬಟನ್ ಒತ್ತಬೇಡ. ನಿನ್ನ ಬಾಯಿಗೆ ಅನ್ನ ಹಾಕೋರು ಅವರೇ.'" ಡ್ರೋನ್ ಓದುತ್ತ ಹೋದ. "'ನೋಡುವವರ ಮುಂದೆ ಜಾಗ ಬಿಡು. ಕಣ್ಣು ಹೋಗಿ ಗೋಡೆಗೆ ಡಿಕ್ಕಿ ಹೊಡೀಬಾರದು.' ಇದಕ್ಕೆ ತಿಂದಿರೋ ಬೈಗುಳ ಇದೆಯಲ್ಲ... ಹುಡುಗಿ ಬಲಕ್ಕೆ ನೋಡ್ತಿದ್ರೆ ಬಲಗಡೆ ಜಾಗ ಇರ್ಬೇಕು. ನಾನೊಂದ್ಸಲ ಮೂಗಿನ ತುದಿಗೇ ಕತ್ತರಿಸಿಬಿಟ್ಟೆ. ಫೋಟೊ ಹಿಡ್ಕೊಂಡು ನನ್ನ ಹಣೇನ ಈ ಗೋಡೆಗೆ ತಾಗಿಸಿ, 'ಹೀಗೇ ನಿಂತ್ಕೊ ಒಂದ್ನಿಮಿಷ. ಏನು ಕಾಣುತ್ತೆ? ಹಾಗೇ ಇದಾಳೆ ಆ ಹುಡುಗಿ' ಅಂದ್ರು. ನನ್ನ ಒಂದ್ನಿಮಿಷ ಇಪ್ಪತ್ತು ನಿಮಿಷ ಆಯ್ತು."

ಎಲ್ಲರೂ ನಕ್ಕರು. ಮಗಳು ನಗಲಿಲ್ಲ. ಅವಳ ಮದುವೆಯ ಆಲ್ಬಮ್ಮಿನ ತುಂಬ ಅವಳ ಕಣ್ಣು ಗೋಡೆಗೇ ಡಿಕ್ಕಿ ಹೊಡೆದಿತ್ತು. ಪ್ರತಿ ಪುಟದಲ್ಲೂ ಅವಳು ಒಂದು ಅಂಚಿಗೆ ಒತ್ತಿಕೊಂಡು ನಿಂತು ಚಿತ್ರದಾಚೆಗೆ ಏನನ್ನೋ ನೋಡುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ಬಿಟ್ಟ ಜಾಗವನ್ನು ಅಪ್ಪ ಸ್ವಂತ ಮಗಳಿಗೆ ಬಿಟ್ಟಿರಲಿಲ್ಲ.

"ಕೊನೇದು ಓದಪ್ಪ," ಎಂದಳು ಅಂಚೆ ಕಚೇರಿಯ ಹೆಂಗಸು.

"'ಗ್ರೂಪ್ ಫೋಟೊಗೆ ಮೊದಲು ಮೂರು ಸಲ ಕೇಳು: ಯಾರಾದ್ರೂ ಬಿಟ್ಟುಹೋದ್ರಾ? ಮೂರನೇ ಸಲ ಅಡುಗೆಮನೆಗೆ ಹೋಗಿ ಕೇಳು.'"

"ನಮ್ಮಜ್ಜಿ ಇದ್ದದ್ದು ಅಲ್ಲೇ," ಎಂದಳು ಅವಳು. "ಪಾತ್ರೆ ತೊಳೀತಾ ಕೂತಿದ್ಲು. ನಾವ್ಯಾರೂ ನೋಡಿರಲಿಲ್ಲ, ನಾಚಿಕೆಗೇಡು. ಇವರು ಹೋಗಿ ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು. ಫೋಟೊದಲ್ಲಿ ಅಜ್ಜಿ ಕೈಯಿಂದ ನೀರು ಇಳೀತಿದೆ. ಅದೊಂದೇ ಇರೋದು ನಮ್ಮ ಹತ್ರ ಅಜ್ಜೀದು." ಅವಳು ಮೂಗು ಒರೆಸಿಕೊಂಡು ಮಗಳ ಕಡೆ ತಿರುಗಿದಳು. "ಇಂಥ ಅಪ್ಪನ ಕೈಲಿ ಮದುವೆ ಫೋಟೊ ತೆಗೆಸ್ಕೊಂಡಿರೋ ನೀನು ಪುಣ್ಯವಂತೆ ಬಿಡಮ್ಮ."

ಮಗಳು ಎದ್ದು ಸ್ಟುಡಿಯೋದ ಒಳಬಾಗಿಲು ತಳ್ಳಿಕೊಂಡು ಹೋದಳು.

*

ಹನ್ನೊಂದು ವರ್ಷದ ಹಿಂದೆ, ತನ್ನ ಮದುವೆಗೆ ನಾಲ್ಕು ದಿನ ಇದ್ದಾಗ ಅವಳು ಕೆಲಸದೂರಿನಿಂದ ಮನೆಗೆ ಬಂದಿದ್ದಳು. ಬಾಗಿಲು ತೆರೆದ ಅಮ್ಮನ ಮುಖ ಒಂದು ಕಡೆ ಊದಿಕೊಂಡಿತ್ತು.

"ದವಡೆ ಹಲ್ಲು," ಎಂದಿದ್ದಳು ಅಮ್ಮ. "ಮದುವೆ ಮುಗೀಲಿ, ಕೀಳಿಸ್ತೀನಿ. ಈಗ ಕೀಳಿಸಿದ್ರೆ ಊಟ ಹೆಂಗೆ ಮಾಡ್ಲಿ? ಏನಂತೀಯ?"

ಎಲ್ಲವನ್ನೂ ತಾನೇ ತೀರ್ಮಾನಿಸಿಯಾದ ಮೇಲೆ 'ಏನಂತೀಯ' ಎನ್ನುವುದು ಅಮ್ಮನ ಅಭ್ಯಾಸ.

ಮದುವೆಯ ಬೆಳಿಗ್ಗೆ ಕನ್ನಡಿಯ ಮುಂದೆ ಅವಳ ಕೂದಲಿಗೆ ಹೂ ಸಿಕ್ಕಿಸುತ್ತಿದ್ದವಳು ಅಮ್ಮನೇ. ಪಿನ್ನು ಎರಡು ಸಲ ಕೈಜಾರಿ ಕೆಳಗೆ ಬಿತ್ತು. ಮಗಳು ತಿರುಗಿ ನೋಡಿ, "ಅಮ್ಮ, ಬಾಯಲ್ಲಿ ಬನ್ನು ಇಟ್ಕೊಂಡಿದೀಯಾ?" ಎಂದಳು. ಅಮ್ಮ ಇನ್ನೊಂದು ಕೆನ್ನೆಯನ್ನೂ ಗಾಳಿ ತುಂಬಿ ಉಬ್ಬಿಸಿ, ಎರಡು ಬೆರಳು ತೋರಿಸಿದಳು. ಎರಡು ಬನ್ನು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಗಲೇ ಎಲ್ಲೋ ಒಂದು ಫ್ಲ್ಯಾಶು ಹೊಳೆದಿತ್ತು.

ಮಧ್ಯಾಹ್ನ ಗ್ರೂಪ್ ಫೋಟೊ. ಅಪ್ಪ ಕೈಯೆತ್ತಿ "ಒಂದ್ನಿಮಿಷ" ಎಂದರು. ಎತ್ತರದವರನ್ನು ಹಿಂದಕ್ಕೆ ಕಳಿಸಿದರು, ವರನ ಚಿಕ್ಕಪ್ಪನ ಹೊಟ್ಟೆಯನ್ನು ಒಬ್ಬ ತೆಳ್ಳಗಿನವನ ಹಿಂದೆ ಅಡಗಿಸಲು ನೋಡಿ ಸೋತರು. ಎಲ್ಲ ಮಾಡಿದರು, ಆ ಒಂದು ಪ್ರಶ್ನೆ ಕೇಳಲಿಲ್ಲ.

"ಅಪ್ಪ, ಅಮ್ಮ ಎಲ್ಲಿ?"

"ಊಟದ ಕಡೆ ಇದ್ದಾಳೆ. ಆಮೇಲೆ ತೆಗೀತೀನಿ. ಇಲ್ಲಿ ನೋಡು."

ಆ ಆಮೇಲೆ ಬರಲಿಲ್ಲ. ತಿಂಗಳ ನಂತರ ಅಮ್ಮನ ಕಾಯಿಲೆಗೆ ದೊಡ್ಡ ಹೆಸರೊಂದು ಬಂತು. "ಈಗ ಗೊತ್ತಾಯ್ತು," ಎಂದಳು ಅಮ್ಮ ಫೋನಿನಲ್ಲಿ. ಇನ್ನು ಮೂರು ತಿಂಗಳಿಗೆ ಅಮ್ಮ ಇರಲಿಲ್ಲ.

ತಾಯಿಯನ್ನು ಮಣ್ಣು ಮಾಡಿ ಬಂದ ಮಧ್ಯಾಹ್ನ ಮಗಳು ಆಲ್ಬಮ್ಮು ತೆಗೆದು ಕೂತಿದ್ದಳು. ಮೊದಲಿಂದ ಕೊನೆಗೆ ನೋಡಿದಳು, ಕೊನೆಯಿಂದ ಮೊದಲಿಗೆ ನೋಡಿದಳು. ನೂರೆಂಬತ್ತು ಚಿತ್ರ. ವರನ ಕಡೆಯ ಕಾರು ಓಡಿಸಿದವನಿದ್ದ. ಊಟದ ಮೇಜಿನ ಕೆಳಗೆ ಕೂತ ಬೆಕ್ಕು ಇತ್ತು.

"ಇದರಲ್ಲಿ ನಮ್ಮಮ್ಮ ಎಲ್ಲಿ?"

ಅಪ್ಪ ಬಾಗಿಲ ಹತ್ತಿರ ನಿಂತಿದ್ದರು.

"ಊರೋರ ಮದುವೇಲೆಲ್ಲ ಅಡುಗೆಮನೆಗೆ ಹೋಗಿ ಕೇಳ್ತೀರಿ. ನನ್ನ ಮದುವೇಲಿ ಯಾಕೆ ಕೇಳ್ಲಿಲ್ಲ?"

"ಮರ್ತೆ ಕಣಮ್ಮ," ಎಂದರು. "ತಪ್ಪಾಯ್ತು."

ಇನ್ನೇನಾದರೂ ಹೇಳಿದ್ದರೆ ಅವಳು ಜಗಳವಾಡುತ್ತಿದ್ದಳು, ಜಗಳ ಮುಗಿಯುತ್ತಿತ್ತು. ಮರೆತವರೊಂದಿಗೆ ಏನು ಜಗಳ? ಅವಳು ಆಲ್ಬಮ್ಮನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮಾರನೆಯ ದಿನ ಬಸ್ಸು ಹತ್ತಿದ್ದಳು.

*

ಸ್ಟುಡಿಯೋದ ಒಳಕೋಣೆಯಲ್ಲಿ ಹಳೆಯ ಪರದೆ, ಎರಡು ಸ್ಟ್ಯಾಂಡು, ಮುರಿದ ಕಡ್ಡಿಯ ಬೆಳಕಿನ ಛತ್ರಿ ಮೂಲೆಗೆ ಒರಗಿದ್ದವು. ಮೇಜಿನ ಮೇಲೆ ಕನ್ನಡಕ ಮಡಿಸಿಟ್ಟಿತ್ತು. ಮಗಳು ಮೇಲಿನ ಡ್ರಾಯರು ಎಳೆದಳು: ವೈರುಗಳು. ನಡುವಿನದು: ಯಾರೂ ಬಂದು ಒಯ್ಯದ ಪಾಸ್‌ಪೋರ್ಟ್ ಫೋಟೊಗಳು.

"ಏನು ಹುಡುಕ್ತಿದೀಯ ಪುಟ್ಟಿ?" ಛತ್ರಿ ಬಾಗಿಲಲ್ಲಿದ್ದ.

"ಏನೋ ಕೊಡೋದಿದೆ ಅಂದಿದ್ರು ಅಪ್ಪ. ಏನು ಅಂತ ನಿಮಗೆ ಗೊತ್ತಾ ಮಾಮ?"

ಅವನು ಒಳಗೆ ಬಂದು ಬಾಗಿಲು ಮುಚ್ಚಿದ.

"ಕಳೆದ ವಾರ ಫೋನು ಮಾಡಿದ್ರು. ಹಲ್ಲುನೋವು ಅಂದ್ರು. ಬಾಯಲ್ಲಿ ಹಲ್ಲೇ ಇಲ್ಲದೋರಿಗೆ ಎಲ್ಲಿಯ ಹಲ್ಲುನೋವು ಮಾಮ?"

ಛತ್ರಿ ಸ್ಟ್ಯಾಂಡಿನ ತಿರುಪನ್ನು ಸುಮ್ಮನೆ ಸಡಿಲಿಸಿ ಮತ್ತೆ ಬಿಗಿ ಮಾಡಿದ. "ಡಾಕ್ಟ್ರು ಎದೆ ನೋಡಿ ಬಹಳ ದಿನ ಇಲ್ಲ ಅಂದಿದ್ರು. ನಮ್ಮಲ್ಲಿ ಅದಕ್ಕೆ ಹಲ್ಲುನೋವು ಅನ್ನೋದು. ನಿಮ್ಮಮ್ಮ ಇಟ್ಟ ಹೆಸರು."

ಮಗಳು ಡ್ರಾಯರಿನಿಂದ ಕೈ ತೆಗೆದಳು.

"ಹೇಳಬಾರದು ಅಂತ ಮಾತು ಕೊಟ್ಟಿದ್ದೆ. ಆದ್ರೆ ಮಾತು ತಗೊಂಡೋರು ಇಬ್ರೂ ಹೋದ್ರು. ನಾನು ಯಾರಿಗೆ ಅಂತ ಇಟ್ಕೊಳ್ಳಲಿ ಅದನ್ನ?"

"ಹೇಳಿ."

"ನಂಗೆ ಹೇಳೋಕೆ ಬರಲ್ಲಮ್ಮ. ಮಾಡೋಕೆ ಬರುತ್ತೆ, ಅಷ್ಟೇ."

ಅವಳಿಗೆ ಅರ್ಥವಾಯಿತು. ಛತ್ರಿ ಮದುವೆಮನೆಗಳಲ್ಲಿ ಅಳುವ ಮಕ್ಕಳನ್ನು ಕ್ಯಾಮೆರಾ ಕಡೆ ತಿರುಗಿಸಲು ಕಾಗೆಯಿಂದ ಹಿಡಿದು ಕಲೆಕ್ಟರರವರೆಗೆ ಎಲ್ಲರ ದನಿಯನ್ನೂ ಮಾಡುತ್ತಿದ್ದವನು. ಸ್ವಂತ ದನಿಯಲ್ಲಿ ಮಾತ್ರ ಅವನಿಗೆ ಮಾತು ಸೋಲುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಹೆಗಲು ಸ್ವಲ್ಪ ಕೆಳಗಿಳಿಯಿತು, ಕಾಣದ ಸೆರಗಿನ ಅಂಚನ್ನು ಬಲಗೈ ನೇವರಿಸತೊಡಗಿತು.

"ನೋಡಿ, ನಾನು ಯೋಚನೆ ಮಾಡಿದೀನಿ."

ಮಗಳು ಮೇಜು ಹಿಡಿದುಕೊಂಡಳು. ಅದು ಅಮ್ಮನ ದನಿ. ಅಣಕವಲ್ಲ, ತುಸು ಒಡೆದ, ವಾಕ್ಯದ ಕೊನೆಗೆ ಉಸಿರು ಸಾಲದ ಅದೇ ದನಿ. ಹನ್ನೊಂದು ವರ್ಷದಲ್ಲಿ ಅವಳು ಅದನ್ನು ಎಷ್ಟು ಮರೆತಿದ್ದಳೆಂದು ಅದು ಕೇಳಿದ ಮೇಲಷ್ಟೇ ತಿಳಿಯಿತು.

"ಎರಡು ತಿಂಗಳಿಂದ ಮುಚ್ಚಿಟ್ಟಿದೀವಿ, ಇನ್ನೆರಡು ದಿನ ಮುಚ್ಚಿಡೋಕೆ ಆಗಲ್ವಾ? ಹಲ್ಲುನೋವು ಅಂತ ಹೇಳಿದೀನಿ, ನೀವೂ ಅದನ್ನೇ ಹೇಳಿ. ಮಾತ್ರೆ ತಿಂದೂ ತಿಂದೂ ಮುಖ ಹೀಗಾಗಿದೆ. ಈ ಮುಖ ಆಲ್ಬಮ್ಮಿನಲ್ಲಿ ಬೇಡ. ನಾಳೆ ಅದನ್ನ ತೆರೆದೋರು ಮದುಮಗಳನ್ನ ನೋಡಲ್ಲ, ನನ್ನ ನೋಡ್ತಾರೆ. ಅಯ್ಯೋ ಆಗಲೇ ಹಿಂಗಿದ್ಲಾ ಅಂತಾರೆ. ಅವಳೂ ಅದನ್ನೇ ನೋಡ್ತಾಳೆ. ಅಮ್ಮ ಸಾಯ್ತಾ ಇದ್ದಾಗ ನಾನು ನಗ್ತಾ ನಿಂತಿದ್ದೆ ಅನ್ಕೋತಾಳೆ. ಮದುವೆ ಫೋಟೊ ನೋಡಿ ಯಾರಾದ್ರೂ ಅಳಬೇಕಾ? ಆಲ್ಬಮ್ಮಿನಲ್ಲಿ ನಾನು ಬೇಡ. ಏನಂತೀರಿ?"

ಛತ್ರಿಯ ಕತ್ತು ನಿಧಾನವಾಗಿ ಎಡಕ್ಕೆ ವಾಲಿತು.

"ಗ್ರೂಪಿಗೆ ನಿನ್ನ ಕರೀದೆ ಇದ್ರೆ ಅವಳು ನಂಗೆ ಬೈತಾಳೆ ಕಣೇ."

ಕತ್ತು ನೆಟ್ಟಗಾಯಿತು.

"ಬೈಸ್ಕೊಳ್ಳಿ."

ಹೊರಗೆ ಯಾರೋ ಕುರ್ಚಿ ಎಳೆದರು. ಛತ್ರಿ ಕಣ್ಣು ತೆರೆದು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಮತ್ತೆ ಬರೀ ಛತ್ರಿಯಾದ.

"ಮುಂದಿನ ಕೋಣೇಲಿ ಲೈಟಿಗೆ ವೈರು ಸುತ್ತುತ್ತಾ ಇದ್ದೆ ನಾನು. ಕೇಳಿಸ್ಕೊಂಡುಬಿಟ್ಟೆ. ಹೊರಗೆ ಬಂದು ನನ್ನ ಹತ್ರಾನೂ ಮಾತು ತಗೊಂಡ್ರು." ಅವನು ಮೇಜಿನ ಮೇಲಿನ ಕನ್ನಡಕವನ್ನು ಸರಿಸಿಟ್ಟ. "ನೀನು ಮುನಿಸಿಕೊಂಡು ಹೋದ ಮೇಲೆ ಎಷ್ಟೋ ಸಲ ಹೇಳ್ದೆ ನಾನು. ಈಗಲಾದ್ರೂ ಹೇಳಿಬಿಡಿ, ಮಗಳು ದೂರ ಆಗ್ತಿದಾಳೆ ಅಂತ. ಏನಂದ್ರು ಗೊತ್ತಾ? 'ಕೋಪ ಮಾಡ್ಕೊಂಡೋರು ಉಣ್ತಾರೆ, ಮಲಗ್ತಾರೆ. ನಂದೇ ತಪ್ಪು ಅಂದ್ಕೊಂಡೋರು ಎರಡೂ ಮಾಡಲ್ಲ. ಅವಳು ಕೋಪದಲ್ಲೇ ಇರ್ಲಿ.'"

"ಮರ್ತೆ ಅಂದ್ರು," ಎಂದಳು ಮಗಳು. "ನಂಗೆ ಮರ್ತೆ ಅಂದ್ರು."

"ಅವರಾ? ಮರೆಯೋದು?" ಛತ್ರಿ ಬಗ್ಗಿ ಕೆಳಗಿನ ಡ್ರಾಯರು ಎಳೆದ. ಅದು ಅರ್ಧಕ್ಕೆ ಸಿಕ್ಕಿಕೊಂಡಿತು; ಕಾಲಿನಿಂದ ಒದ್ದು, ಮತ್ತೆ ಎಳೆದ. "ಆಲ್ಬಮ್ಮಿನಲ್ಲಿ ಹಾಕಲ್ಲ ಅಂತ ಮಾತು ಕೊಟ್ಟಿದ್ದು. ತೆಗೆಯಲ್ಲ ಅಂತ ಕೊಟ್ಟಿರಲಿಲ್ಲ."

ಫೋಟೊ ಕಾಗದದ ಹಳೆಯ ಡಬ್ಬ. ಮುಚ್ಚಳದ ಮೇಲೆ ಗೋಡೆಯ ಹಾಳೆಯದೇ ಕೈಬರಹ: 'ಪುಟ್ಟಿಗೆ. ಜಾಗ ಸಮೇತ.'

ಮೇಲಿನ ಚಿತ್ರ ಅವಳಿಗೆ ಗೊತ್ತಿದ್ದದ್ದೇ. ಆಲ್ಬಮ್ಮಿನ ಮೂರನೇ ಪುಟ: ಕೂದಲಲ್ಲಿ ಅರ್ಧ ಹೂ, ಹೊಟ್ಟೆ ಹಿಡಿದುಕೊಂಡು, ಬಲ ಅಂಚಿಗೆ ಮುಖವೊತ್ತಿ, ಗೋಡೆಯನ್ನು ನೋಡಿ ನಗುತ್ತಿರುವ ಹುಚ್ಚು ಹುಡುಗಿ. ಆದರೆ ಇಲ್ಲಿ ಕಾಗದ ಅಲ್ಲಿಗೆ ಮುಗಿದಿರಲಿಲ್ಲ. ಬಲಗಡೆ ಇನ್ನೂ ಅಷ್ಟೇ ಅಗಲ ಜಾಗವಿತ್ತು, ಆ ಜಾಗದಲ್ಲಿ ಅಮ್ಮ ಇದ್ದಳು. ಎರಡೂ ಕೆನ್ನೆ ಉಬ್ಬಿಸಿ, ಎರಡು ಬೆರಳು ಎತ್ತಿ. ಇಬ್ಬರ ಹಿಂದಿನ ಕನ್ನಡಿಯಲ್ಲಿ ಕತ್ತು ಎಡಕ್ಕೆ ವಾಲಿಸಿ, ಕ್ಯಾಮೆರಾಕ್ಕೆ ಕಣ್ಣು ಕೊಟ್ಟ ಅಪ್ಪ. ಕಾಣುವ ಅರ್ಧ ಬಾಯಿ ನಗುತ್ತಿತ್ತು.

ಎರಡನೆಯದರಲ್ಲಿ ಅವಳು ಎಡಕ್ಕೆ ನೋಡುತ್ತಿದ್ದಳು. ಎಡಗಡೆಯ ಜಾಗದಲ್ಲಿ ತಟ್ಟೆ ಹಿಡಿದ ಅಮ್ಮ. ಮೂರನೆಯದರಲ್ಲಿ ಕಂಬದ ಪಕ್ಕ. ನಾಲ್ಕನೆಯದರಲ್ಲಿ ಕುರ್ಚಿಯಲ್ಲಿ ಕೂತು, ಯಾರೂ ನೋಡುತ್ತಿಲ್ಲವೆಂದು ಕಣ್ಣು ಮುಚ್ಚಿ. ಡಬ್ಬದ ತುಂಬ ಅಮ್ಮ. ಆ ದಿನವೆಲ್ಲ ಮಗಳು ನೋಡಿದ್ದು ಅಮ್ಮನನ್ನೇ. ನೋಟಕ್ಕೆ ಬಿಟ್ಟಿದ್ದ ಜಾಗವನ್ನು ಒಬ್ಬ ಮನುಷ್ಯ ಒಂದೊಂದಾಗಿ ಕತ್ತರಿಸಿ, ತನ್ನ ಕೆಲಸ ತಾನೇ ಕೆಡಿಸಿ, ಆಲ್ಬಮ್ಮು ಕಟ್ಟಿದ್ದ.

ಅವಳು ನೆಲದ ಮೇಲೆ ಕೂತಳು. "ಡಾಕ್ಟರಿಗೆ ತೋರಿಸಿ ಅಂದೆ ಮಾಮ," ಎಂದಳು. "ಹಲ್ಲುನೋವು ಅಂದ್ರು, ಡಾಕ್ಟರಿಗೆ ತೋರಿಸಿ ಅಂದೆ."

ಛತ್ರಿ ಅವಳ ಪಕ್ಕ ಕೂರಲು ಹೋದ. ಮಂಡಿ ಒಪ್ಪಲಿಲ್ಲ. ಅರ್ಧ ಬಗ್ಗಿ, ಅವಳ ತಲೆಯ ಮೇಲೆ ಕೈಯಿಟ್ಟು, ಛತ್ರಿಯ ಹಾಗೇ ನಿಂತ.

*

ಗಾಡಿ ಹನ್ನೊಂದೂಕಾಲಿಗೆ ಬಂತು. ಒಳಗೆ ಎರಡೂ ಕಡೆ ಉದ್ದ ಬೆಂಚು, ನಡುವೆ ಮಲಗಿದ ಒಂದ್ನಿಮಿಷರು. ಜನ ಹತ್ತಿ ಸೀಟು ಹಿಡಿದರು. ಉಳಿದವರು ಹಿಂದೆ ಬೈಕುಗಳಲ್ಲಿ ಸಜ್ಜಾದರು. ಡ್ರೈವರು ಕನ್ನಡಿಯಲ್ಲಿ ನೋಡಿ, "ಎಲ್ಲ ಬಂದ ಹಾಗಾಯ್ತಾ? ಹೊರಡ್ಲಾ?" ಎಂದ.

ಛತ್ರಿ ಬಾಯಿ ತೆರೆದ. ಎಲ್ಲರೂ ಅವನನ್ನೇ ನೋಡಿದರು. ಯಾವ ದನಿ ಬರುತ್ತದೆಂದು ಅವರಿಗೆಲ್ಲ ಗೊತ್ತಿತ್ತು. ಅವನು ಬಾಯಿ ಮುಚ್ಚಿಕೊಂಡ.

"ಒಂದ್ನಿಮಿಷ," ಎಂದಳು ಮಗಳು.

ಅವಳು ಗಾಡಿಯ ಮೆಟ್ಟಿಲ ಮೇಲೆ ನಿಂತಿದ್ದಳು. ಕೈಯಲ್ಲಿ ಅಮ್ಮನ ಎರಡು ಬನ್ನಿನ ಫೋಟೊ ಇತ್ತು.

"ಯಾರಾದ್ರೂ ಬಿಟ್ಟುಹೋದ್ರಾ?"

ಅಂಚೆ ಕಚೇರಿಯ ಹೆಂಗಸು ಗಂಡನ ತೋಳಿಗೆ ಮುಖ ಒತ್ತಿಕೊಂಡಳು.

"ಯಾರಾದ್ರೂ ಬಿಟ್ಟುಹೋದ್ರಾ?" ಎಂದಳು ಮತ್ತೊಮ್ಮೆ. ಆಮೇಲೆ ಇಳಿದು ಮನೆಯೊಳಗೆ ಹೋದಳು. ಬೆಡ್‌ಶೀಟಿನ ಬೆಳಕಿನಲ್ಲಿ ಖಾಲಿ ಮಂಚ ದಾಟಿ ಅಡುಗೆಮನೆಗೆ.

ಅತ್ತೆ ಅಲ್ಲಿದ್ದರು. ಎಲ್ಲರ ಟೀ ಲೋಟಗಳನ್ನು ತೊಳೆದು ಬೋರಲು ಹಾಕಿ, ಕೊನೆಯ ಲೋಟದ ಎದುರು ನಿಂತಿದ್ದರು. ಅಂಗೈಯಲ್ಲಿ ತಮ್ಮನ ಹಲ್ಲು.

"ಹಾಕೋದೋ ಬೇಡ್ವೋ ಅಂತ ಯಾರೂ ಹೇಳ್ಲೇ ಇಲ್ಲ ನೋಡು," ಎಂದರು. ತಿರುಗಲಿಲ್ಲ. ಹೆಗಲು ಕುಲುಕುತ್ತಿತ್ತು.

"ಬೇಡ ಅತ್ತೆ," ಎಂದಳು ಮಗಳು. "ನೋಯ್ತಿತ್ತು ಅಂದಿದ್ರು."

ಅತ್ತೆಯ ಒದ್ದೆ ಕೈಯನ್ನು ಹಾಗೇ ಹಿಡಿದುಕೊಂಡು ಅವಳು ಗಾಡಿಗೆ ಕರೆತಂದಳು. ನೀರು ಇಬ್ಬರ ಬೆರಳುಗಳಿಂದಲೂ ತೊಟ್ಟಿಕ್ಕುತ್ತಿತ್ತು. ಕೂರಲು ಜಾಗವಿರಲಿಲ್ಲ. ಮಗಳು ಮಲಗಿದ್ದವರ ಮುಖ ನೋಡಿದಳು. ಅದು ಎಡಕ್ಕೆ ವಾಲಿತ್ತು.

"ಆ ಕಡೆಯೋರು ಸ್ವಲ್ಪ ಏಳ್ತೀರಾ?" ಎಂದಳು. "ಎಲ್ಲ ಈ ಕಡೆ ಬನ್ನಿ. ಮುಂದೆ ಜಾಗ ಇರ್ಲಿ."

ಡ್ರೋನ್ ಮೊದಲು ಎದ್ದ. ಆಮೇಲೆ ಉಳಿದವರು. ಅತ್ತೆ, ಛತ್ರಿ, ಕುರ್ಚಿ ಅಂಗಡಿಯವನು, ಗಂಡ ಹೆಂಡತಿಯರು, ಎಲ್ಲ ಬಲಗಡೆಯ ಒಂದೇ ಬೆಂಚಿನ ಮೇಲೆ ಒಬ್ಬರ ತೊಡೆ ಒಬ್ಬರಿಗೆ ತಾಗಿಸಿಕೊಂಡು, ಕೂರಲಾಗದವರು ಕಂಬಿ ಹಿಡಿದು ನಿಂತರು. ಗಾಡಿ ಒಂದು ಬದಿಗೆ ವಾಲಿಕೊಂಡೇ ಬೀದಿಯ ತಿರುವು ದಾಟಿತು. ಎಡಗಡೆಯ ಬೆಂಚು, ಅಪ್ಪನ ಮುಖದೆದುರು, ಉದ್ದಕ್ಕೂ ಖಾಲಿಯಿತ್ತು. ಕಿಟಕಿಯ ಬಿಸಿಲು ಅದರ ಮೇಲೆ ಕೂತು ಜೊತೆಗೆ ಹೋಗುತ್ತಿತ್ತು.